ಮುಟ್ಟಬೇಡಮ್ಮನ ಕೋಣೆ

ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಿಡಿಯಲು ಬಂದ ಪೊಲೀಸಪ್ಪ ಹೆಗಲನ್ನೂ ಮುಟ್ಟಿ, ಕುಂಬಳಕಾಯಿಯನ್ನೂ ಮುಟ್ಟಿ, ಬಾಗಿಲ ಚಿಲಕವನ್ನೂ ಮುಟ್ಟಿ, ಕೊನೆಗೆ ‘ಯಾರ ಗುರುತೂ ಸಿಗುತ್ತಿಲ್ಲವಲ್ಲ’ ಎಂದು ತಲೆ ಕೆರೆದುಕೊಂಡನಂತೆ. ಗಾದೆ ಇಷ್ಟು ಉದ್ದವಿಲ್ಲ ಎಂದು ತಕರಾರು ತೆಗೆಯುವವರು ತೆಗೆಯಲಿ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಬುಧವಾರ ಬೆಳಿಗ್ಗೆ ಹತ್ತೂಕಾಲು. ಪೊಲೀಸ್ ತರಬೇತಿ ಶಾಲೆಯ ಕಾರಿಡಾರಿನ ಕೊನೆಯ ಕೋಣೆಯ ಬಾಗಿಲಲ್ಲಿ ಬೆರಳಚ್ಚು ತಜ್ಞೆ ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಒಳಗೆ ಒಂದು ಸುಳ್ಳು ಮನೆ: ಮಂಚ, ಮೇಜು, ಕಪಾಟು, ಅರ್ಧ ತೆರೆದ ಕಿಟಕಿ, ಮೇಜಿನ ಮೇಲೆ ಗಾಜಿನ ಲೋಟ, ನೆಲದ ಮೇಲೆ ಅಂಗಾತ ಬಿದ್ದ ಪ್ಲಾಸ್ಟಿಕ್ ಬೊಂಬೆ. ಯಾವುದೋ ಬಟ್ಟೆ ಅಂಗಡಿ ಮುಚ್ಚಿದಾಗ ತಂದ ಬೋಳುತಲೆಯ ಬೊಂಬೆ ಅದು. ಹನ್ನೊಂದು ವರ್ಷದಿಂದ ತಿಂಗಳಿಗೊಮ್ಮೆ ಕೊಲೆಯಾಗುತ್ತ ಬಂದಿತ್ತು. ಬಂದವನು ಹೋಗುವ ಮಾತೇ ಎತ್ತುವುದಿಲ್ಲ ಎಂಬ ಕಾರಣಕ್ಕೆ ಹಳೆಯ ತಂಡವೊಂದು ಅವನಿಗೆ ‘ಭಾವ’ ಎಂದು ಹೆಸರಿಟ್ಟಿತ್ತು.

ಈ ಸಲದ ತಂಡದಲ್ಲಿ ಬೇರೆ ಬೇರೆ ಠಾಣೆಗಳಿಂದ ಬಂದ ಹನ್ನೆರಡು ಮಂದಿ ಇದ್ದರು. ಅಪರಾಧ ನಡೆದ ಜಾಗಕ್ಕೆ ಹೋದಾಗ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂದು ಐದು ದಿನ ಕಲಿಯುವುದು ಅವರ ಕೆಲಸ. ಎರಡು ದಿನ ಪಾಠ ಕೇಳಿ ಮುಗಿಸಿದ್ದರು. ಈಗ ಮೊದಲ ಸಲ ಕೋಣೆಯೊಳಗೆ ಬಿಟ್ಟಾಗಿತ್ತು.

ಮೊದಲನೆಯ ನಿಮಿಷದಲ್ಲಿ ಒಬ್ಬ ಪೇದೆ ಸೆಖೆ ಎಂದು ಫ್ಯಾನ್ ಹಾಕಿದ. ಸಾಕ್ಷಿಗೆಂದು ತಜ್ಞೆ ಮೇಜಿನ ಮೇಲೆ ಇಟ್ಟಿದ್ದ ಮೂರು ಕೂದಲೆಳೆ ಎತ್ತ ಹಾರಿದವೋ ಅವಕ್ಕೇ ಗೊತ್ತು. ಎರಡನೆಯ ನಿಮಿಷದಲ್ಲಿ ಇನ್ನೊಬ್ಬ, ಧೂಳು ಬರುತ್ತದೆ ಎಂದು ಕಿಟಕಿ ಮುಚ್ಚಿದ. ಮೂರನೆಯ ನಿಮಿಷದಲ್ಲಿ ಮೀಸೆಯ ಪೇದೆಯೊಬ್ಬ ಎಲ್ಲವನ್ನೂ ನೀಟಾಗಿ ಬರೆದುಕೊಳ್ಳೋಣವೆಂದು ಮಂಚದ ಮೇಲೆ ಕೂತ. ನಾಲ್ಕನೆಯ ನಿಮಿಷದಲ್ಲಿ, ತಂಡದಲ್ಲೇ ಹಿರಿಯರಾದ ದಪ್ಪ ಹೊಟ್ಟೆಯ ದಫೇದಾರರು ಮಂಚದ ಮೇಲಿನ ಹೊದಿಕೆ ಎಳೆದು, ಎರಡು ಸಲ ಚೆನ್ನಾಗಿ ಕೊಡವಿ, ಭಾವನನ್ನು ತಲೆಯಿಂದ ಕಾಲಿನವರೆಗೆ ಮುಚ್ಚಿದರು.

“ಸಾಕು,” ಎಂದರು ತಜ್ಞೆ. “ಎಲ್ಲಾ ಆಚೆ ಬನ್ನಿ.”

ಸಾಲಾಗಿ ಹೊರಬಂದರು. ಬರುವಾಗ ಒಬ್ಬೊಬ್ಬರೂ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಬಂದರು.

“ಫ್ಯಾನ್ ಹಾಕಿದ್ದು ಯಾರು?”

ಎಲ್ಲರೂ ಫ್ಯಾನಿನ ಕಡೆ ನೋಡಿದರು, ಬೇಕಾದರೆ ಅದೇ ಒಪ್ಪಿಕೊಳ್ಳಲಿ ಎಂಬಂತೆ.

“ಕಳ್ಳ ಇಷ್ಟು ಕಷ್ಟಪಡಲ್ಲ ಕಣ್ರೀ,” ಎಂದರು ತಜ್ಞೆ. “ಪಾಪ, ಅವನು ತನ್ನ ಗುರುತು ಒಂದನ್ನ ಅಳಿಸಿ ಹೋಗ್ತಾನೆ. ನೀವು ಊರವರದ್ದೆಲ್ಲಾ ಅಳಿಸ್ತೀರಿ. ನಿನ್ನೆ ಇಡೀ ದಿನ ಏನು ಹೇಳ್ದೆ ನಾನು?”

“ಮುಟ್ಟಬೇಡಿ ಅಂದ್ರಿ ಮೇಡಂ,” ಎಂದಳು ಹಿಂದಿನ ಸಾಲಿನ ಪೇದೆ ಹುಡುಗಿ. ತಂಡದಲ್ಲಿ ಅವಳೊಬ್ಬಳೇ ಏನನ್ನೂ ಮುಟ್ಟಿರಲಿಲ್ಲ. ಅಷ್ಟು ಜನರ ನಡುವೆ ಒಳಗೆ ನುಗ್ಗಲು ಜಾಗ ಸಿಕ್ಕಿರಲಿಲ್ಲ ಎಂಬುದು ಬೇರೆ ಮಾತು. ಸಣ್ಣದನ್ನೂ ಬಿಡದೆ ನೋಡುವ ಅವಳಿಗೆ ಜೊತೆಯವರು ‘ಸೂಜಿಕಣ್ಣು’ ಎನ್ನುತ್ತಿದ್ದರು.

“ದಫೇದಾರ್ರೇ, ನೀವು?”

“ಕೈ ತಾನಾಗೇ ಹೋಯ್ತು ಮೇಡಂ.”

“ಎರಡು ವರ್ಷದ ಹಿಂದೇನೂ ತಾನಾಗೇ ಹೋಗಿತ್ತು.”

ದಫೇದಾರರು ತಲೆ ತಗ್ಗಿಸಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಥೆ ಎಲ್ಲ ಠಾಣೆಗಳಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಒಬ್ಬ ಮುದುಕಿಯನ್ನು ಅವಳ ಅಡುಗೆಮನೆಯಲ್ಲೇ ಯಾರೋ ಕತ್ತು ಹಿಸುಕಿ ಕೊಂದಿದ್ದರು. ಸುದ್ದಿ ಸಿಕ್ಕಿ ಮೊದಲು ಹೋದವರು ಇದೇ ದಫೇದಾರರು. ಬೀದಿಯ ಜನವೆಲ್ಲ ಬಾಗಿಲಲ್ಲೂ ಕಿಟಕಿಯಲ್ಲೂ ತುಂಬಿಕೊಂಡು ನೋಡುತ್ತಿದ್ದರು. ಮುದುಕಿಯ ಬಟ್ಟೆ ಅಸ್ತವ್ಯಸ್ತವಾಗಿತ್ತು. ದಫೇದಾರರು ಹಿತ್ತಲಿಗೆ ಓಡಿ, ಹಗ್ಗದ ಮೇಲಿದ್ದ ಹೊದಿಕೆಯೊಂದನ್ನು ಸೆಳೆದು ತಂದು ಹೆಣದ ಮೇಲೆ ಹೊದಿಸಿದರು. ಹಿತ್ತಲ ಕೋಣೆಯ ಬಾಡಿಗೆದಾರನ ಹೊದಿಕೆ ಅದು. ಆಮೇಲೆ ತಜ್ಞೆ ಹೋಗಿ, ಮುದುಕಿಯ ಸೆರಗಿನಲ್ಲಿ, ಉಗುರ ಸಂದಿಯಲ್ಲಿ ಸಿಕ್ಕ ನೀಲಿ ನೂಲೆಳೆ, ಕೂದಲು ಎಲ್ಲವನ್ನೂ ಆಯ್ದು, ಹನ್ನೊಂದು ಪುಟದ ವರದಿ ಬರೆದರು. ಎಲ್ಲವೂ ಬಾಡಿಗೆದಾರನವೇ. ನ್ಯಾಯಾಲಯದಲ್ಲಿ ಅವನ ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಆ ನೂಲೆಳೆ ಯಾವ ಬಟ್ಟೆಯದು? ಆ ಬಟ್ಟೆಯನ್ನು ಒಳಗೆ ತಂದವರು ಯಾರು? ಹನ್ನೊಂದು ಪುಟವೂ ರದ್ದಿಯಾಯಿತು, ಬಾಡಿಗೆದಾರ ಬಿಡುಗಡೆಯಾದ. ಮುದುಕಿಯ ಮಗಳು ನ್ಯಾಯಾಲಯದ ಮೆಟ್ಟಿಲ ಮೇಲೆ ತಜ್ಞೆಯನ್ನು ನಿಲ್ಲಿಸಿ, “ನಿಮ್ಮ ಕಾಗದದಲ್ಲಿ ಎಲ್ಲಾ ಇತ್ತಂತಲ್ಲ?” ಎಂದು ಕೇಳಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅಷ್ಟು ಜನ ನೋಡ್ತಿದ್ರು ಮೇಡಂ,” ಎಂದರು ದಫೇದಾರರು ಈಗ, ನೆಲ ನೋಡುತ್ತಾ. “ಹಾಗೇ ಬಿಡೋಕಾಗುತ್ತಾ?”

“ಬಿಡ್ಬೇಕು. ಅದೇ ಕಷ್ಟ. ಇವತ್ತು ಯಾರು ನೋಡ್ತಿದ್ರು ನಿಮ್ಮ ಭಾವನ್ನ?”



ಮಧ್ಯಾಹ್ನ ದೊಡ್ಡ ಸಾಹೇಬರಿಂದ ಕರೆ ಬಂತು. ಶಾಲೆಯ ಮುಖ್ಯಸ್ಥರು ಅವರು. ಮಾತು ಕಮ್ಮಿ, ಫೈಲು ಜಾಸ್ತಿ. ತಜ್ಞೆಯನ್ನು ಕೂರಿಸಿ, ಕನ್ನಡಕ ಒರೆಸಿಕೊಂಡರು.

“ಬ್ಯಾಂಡಿನವರಿಗೆ ಜಾಗ ಇಲ್ಲ. ಅವರ ಡೋಲು ಮೆಟ್ಟಿಲ ಕೆಳಗೆ ಕೂತು ಬೂಸಲು ಹಿಡೀತಿದೆ. ನಿಮ್ಮ ಕೋಣೇಲಿ ನೋಡಿದ್ರೆ ಒಂದು ಬೊಂಬೆ ಆರಾಮಾಗಿ ಮಲಗಿದೆ.”

“ಸಾರ್, ಅದು ತರಬೇತಿಗೆ—”

“ಮೂರು ತಂಡ ಸಾಲಾಗಿ ಪ್ರಾಯೋಗಿಕದಲ್ಲಿ ಫೇಲು. ಮಾಡಿದ್ದು ನಾನಲ್ಲ, ನೀವೇ. ಕಲಿಸೋಕೆ ಆಗ್ತಿಲ್ವೋ, ಕಲಿಯೋಕೆ ಆಗ್ತಿಲ್ವೋ, ನನಗೆ ಎರಡೂ ಒಂದೇ. ಶುಕ್ರವಾರ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ. ಈ ಸಲಾನೂ ಹಂಗೇ ಆದ್ರೆ ಸೋಮವಾರ ಕೋಣೆ ಬ್ಯಾಂಡಿಗೆ, ನೀವು ದಾಖಲೆ ವಿಭಾಗಕ್ಕೆ.”

ಹನ್ನೊಂದು ವರ್ಷ. ಕೈಗವಸು ಕೇಳಿದರೆ ಮಕ್ಕಳ ಕೈಗಾಗುವ ಅಳತೆಯ ಒಂದು ಪೆಟ್ಟಿಗೆ ಕಳಿಸಿದ್ದರು. ಪುಡಿ ಬಳಿಯುವ ಬ್ರಷ್ ಕೇಳಿದರೆ ಗೋಡೆಗೆ ಬಣ್ಣ ಬಳಿಯುವುದು ಬಂದಿತ್ತು. ಅದೆಲ್ಲವನ್ನೂ ನುಂಗಿಕೊಂಡಿದ್ದರು. ಈಗ ಫ್ಯಾನ್ ಹಾಕುವ ಪೇದೆ, ಮಂಚದ ಮೇಲೆ ಕೂರುವ ಮೀಸೆ, ಹೊದಿಕೆ ಕೊಡವುವ ದಫೇದಾರ, ಇವರನ್ನು ನಂಬಿಕೊಂಡು ಒಂದೂವರೆ ದಿನದಲ್ಲಿ ಕೋಣೆ ಉಳಿಸಿಕೊಳ್ಳಬೇಕಿತ್ತು. ಮಂತ್ರಕ್ಕಿಂತ ಉಗುಳು ಜಾಸ್ತಿ ಎಂದು ತಮ್ಮ ಪಾಠದ ಬಗ್ಗೆಯೇ ಅನ್ನಿಸಿತು ಅವರಿಗೆ.

ಗುರುವಾರ ಬೆಳಿಗ್ಗೆ ತರಗತಿಯ ಬಾಗಿಲ ಹತ್ತಿರ ಬರುವಾಗ ಒಳಗಿನಿಂದ ತಮ್ಮದೇ ದನಿ ಕೇಳಿಸಿತು.

“ಮುಟ್ಟ-ಬೇಡಿ. ಏನನ್ನೂ ಮುಟ್ಟ-ಬೇಡಿ. ನೆಗಡಿ ಆಗಿದ್ಯಾ? ಮೂಗನ್ನೂ ಮುಟ್ಟ-ಬೇಡಿ. ಅದು ಹರೀಲಿ, ಮೊದಲು ಫೋಟೋ ತೆಗೀರಿ, ನಂಬರ್ ಹಾಕಿ, ಆಮೇಲೆ ಒರೆಸಿಕೊಳ್ಳಿ.”

ದಫೇದಾರರು. ಆ ಹೊಟ್ಟೆಯಿಂದ ಅಷ್ಟು ಸಣ್ಣ ದನಿ ಹೇಗೆ ಹೊರಡುತ್ತದೋ. ಕೊನೆಯ ಅಕ್ಷರದ ಮೇಲೆ ತಜ್ಞೆ ಕೊಡುತ್ತಿದ್ದ ಒತ್ತು, ನಡುವೆ ಎಳೆಯುತ್ತಿದ್ದ ಉಸಿರು, ಎಲ್ಲ ಇದ್ದಂತೆಯೇ ಇತ್ತು. ಇಡೀ ತಂಡ ಬಿದ್ದು ಬಿದ್ದು ನಗುತ್ತಿತ್ತು. “ಮುಟ್ಟಬೇಡಮ್ಮ ಬಂದ್ರು,” ಎಂದು ಯಾರೋ ಪಿಸುಗುಟ್ಟಿದಾಗ ನಗು ಕತ್ತರಿಸಿದಂತೆ ನಿಂತಿತು.

ತಜ್ಞೆ ಒಳಬಂದು ಹಲಗೆಯ ಮುಂದೆ ನಿಂತರು. ಬೈಯಲಿಲ್ಲ. ಅದರಿಂದಲೇ ಎಲ್ಲರಿಗೂ ದಿಗಿಲಾಯಿತು.

“ನಾಳೆ ಹನ್ನೊಂದಕ್ಕೆ ಸಾಹೇಬರು ಬರ್ತಾರೆ,” ಎಂದರು. “ನೀವು ಫೇಲಾದ್ರೆ ಈ ಕೋರ್ಸ್ ನಿಲ್ಲುತ್ತೆ. ನನಗೇನು, ಫ್ಯಾನ್ ಕೆಳಗೆ ಕೂತು ಹಳೇ ಫೈಲಿಗೆ ದಾರ ಕಟ್ತೀನಿ. ನಿಮಗೂ ನಷ್ಟ ಇಲ್ಲ. ನಷ್ಟ ಆಗೋದು ಯಾರಿಗೆ ಅಂತ ಅಡುಗೆಮನೇಲಿ ಬಿದ್ದಿದ್ದ ಆ ಅಜ್ಜಿ ಮಗಳನ್ನ ಕೇಳಿ.”

ದಫೇದಾರರು ಆ ದಿನ ಮತ್ತೆ ಯಾರ ದನಿಯನ್ನೂ ತೆಗೆಯಲಿಲ್ಲ. ಸಂಜೆಯವರೆಗೂ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಹೊದಿಸುವ ಹಾಗಿಲ್ಲ ಅಂದರೆ, ಜನ ನೋಡದ ಹಾಗೆ ಮಾಡೋದು ಹೇಗೆ? ತೆರೆ ಕಟ್ಟಬಹುದು ಎಂದರು ತಜ್ಞೆ. ತೆರೆ ಇಲ್ಲದಿದ್ದರೆ? ತಂದುಕೊಳ್ಳಬೇಕು. ತರುವಷ್ಟು ಹೊತ್ತು? ತಜ್ಞೆಗೆ ಸಿಟ್ಟು ಬಂತು. “ಅಷ್ಟು ಹೊತ್ತು ನಿಮ್ಮ ಕೈ ಕಟ್ಟಿಕೊಂಡು ನಿಂತ್ಕೊಳ್ಳಿ ದಫೇದಾರ್ರೇ. ಕೈ ಕಟ್ಟೋಕೆ ಏನೂ ಬೇಕಾಗಲ್ಲ.”

ಚಹಾದ ಹೊತ್ತಿನಲ್ಲಿ ಮೀಸೆಯ ಪೇದೆ ಎಂದೂ ಇಲ್ಲದ ವಿನಯದಿಂದ ತಜ್ಞೆಯ ಖಾಲಿ ಕಪ್ಪನ್ನು ತಾನೇ ತೆಗೆದುಕೊಂಡು ಹೋದ. ಹಿಡಿಕೆಯಲ್ಲೇ ಹಿಡಿದು, ಬಹಳ ಜೋಪಾನವಾಗಿ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ತರಗತಿ ಮುಗಿದ ಮೇಲೆ ತೋಟದ ಕೆಲಸದವನನ್ನು ಕರೆದು ಗಾಜಿನ ಲೋಟದ ಮೇಲೆ ಅವನ ಬೆರಳು ಒತ್ತಿಸಿ, ಅವನೇ ಈ ಸಲದ ಅಪರಾಧಿ ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಕೋಣೆಯನ್ನೆಲ್ಲ ಸಜ್ಜುಮಾಡಿ ಬೀಗ ಹಾಕಿದರು.

ಶುಕ್ರವಾರ ಎಂಟು ಗಂಟೆಗೆ ಬೀಗ ತೆಗೆದುಕೊಟ್ಟು, ಕಾರಿಡಾರಿನಲ್ಲಿ ಕುರ್ಚಿ ಹಾಕಿ ಕೂತರು. ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ ಚಪ್ಪಲಿ ಕಳಚುವುದು, ಹಾಕುವುದು.

ಬಾಗಿಲು ತೆರೆಯಿತು, ಯಾರೂ ಒಳಗೆ ನುಗ್ಗಲಿಲ್ಲ. ಹನ್ನೆರಡೂ ಜನ ಹೊರಗೇ ನಿಂತು ಐದು ನಿಮಿಷ ಬರೀ ನೋಡಿದರು. ಸೂಜಿಕಣ್ಣು ಒಂದು ನಕ್ಷೆ ಬರೆದಳು. ಆಮೇಲೆ ಗೋಡೆಯ ಅಂಚಿಗೆ ಒಂದೇ ಸಾಲಿನಲ್ಲಿ ನಡೆಯಲು ದಾರಿ ಗುರುತಿಸಿ, ಇಬ್ಬರೇ ಇಬ್ಬರು ಒಳಗೆ ಹೋದರು. ಮೀಸೆಯ ಪೇದೆಯ ದಪ್ಪ ಬೆರಳಿಗೆ ಕೈಗವಸು ಹೋಗದೆ ಕಂಕುಳಿನಲ್ಲಿ ಬೆವರು ಕಂಡಿತು, ಆದರೂ ಹಾಕಿಕೊಂಡೇ ಬಿಟ್ಟ. ಸೆಖೆ ನಿನ್ನೆ ಮೊನ್ನೆಗಿಂತ ಹೆಚ್ಚಿತ್ತು. ಫ್ಯಾನಿನ ಗುಂಡಿಯ ಹತ್ತಿರ ಯಾರೂ ಸುಳಿಯಲಿಲ್ಲ.

ದಫೇದಾರರು ತಂಡದ ಮೂವರು ಎತ್ತರದ ಆಳುಗಳನ್ನು ಬಾಗಿಲಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದರು, ಮುಖ ಹೊರಗೆ, ಬೆನ್ನು ಒಳಗೆ. ಕಾರಿಡಾರಿನಲ್ಲಿ ಹೋಗಿಬರುವವರಿಗೆ ಭಾವ ಕಾಣುತ್ತಿರಲಿಲ್ಲ. ತೆರೆಯೂ ಬೇಕಿರಲಿಲ್ಲ, ಹೊದಿಕೆಯೂ ಬೇಕಿರಲಿಲ್ಲ. ಹನ್ನೊಂದು ವರ್ಷದ ಪಾಠದಲ್ಲಿ ಇದು ಇರಲಿಲ್ಲವಲ್ಲ ಎಂದುಕೊಂಡರು ತಜ್ಞೆ. ಚಪ್ಪಲಿ ಕಳಚುವುದು ನಿಂತಿತು.

ಹನ್ನೊಂದಕ್ಕೆ ದೊಡ್ಡ ಸಾಹೇಬರು ಬಂದು, ತಜ್ಞೆಯ ಜೊತೆ ಬೆನ್ನುಗಳ ನಡುವೆ ದಾರಿ ಮಾಡಿಸಿಕೊಂಡು ಒಳಗೆ ಕಾಲಿಟ್ಟು, ಚೌಕಟ್ಟಿಗೆ ಕೈಕೊಟ್ಟು ನಿಲ್ಲಲು ಹೋದರು.

“ಸಾರ್, ಕೈ,” ಎಂದಳು ಸೂಜಿಕಣ್ಣು.

ಸಾಹೇಬರು ಕೈಯನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಸೇರಿಸಿದರು. “ಹೇಳಿ. ಯಾರು ಮಾಡಿದ್ದು?”

ದಫೇದಾರರು ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. “ಸಾರ್, ಲೋಟದ ಮೇಲಿಂದ ಎತ್ತಿದ ಬೆರಳಚ್ಚು, ಗುರುತು ಸಂಖ್ಯೆ ನಾಲ್ಕು. ಶಾಲೆಯ ಸಿಬ್ಬಂದಿ ಎಲ್ಲರ ಅಚ್ಚಿನ ಪುಸ್ತಕದ ಜೊತೆ ಹೋಲಿಸಿ ನೋಡಿದ್ವಿ. ಹೊಂದಿಕೆ ಆಗಿದೆ.” ಅಚ್ಚು ಅಂಟಿಸಿದ ಚೀಟಿಯೊಂದನ್ನು ಮುಂದೆ ಚಾಚಿದರು. “ಅಪರಾಧಿ, ನಮ್ಮ ಮೇಡಂ.”

ಮೀಸೆಯ ಪೇದೆ ಕೆಮ್ಮುವವನಂತೆ ಬಾಯಿ ಮುಚ್ಚಿಕೊಂಡ. ಬಾಗಿಲ ಬೆನ್ನುಗಳು ಅಲುಗಿದವು. ತಜ್ಞೆ ಚೀಟಿಯನ್ನು ಕಸಿದುಕೊಂಡು, ಲೆನ್ಸ್ ಹಿಡಿದು ನೋಡಿದರು. ಪಾರದರ್ಶಕ ಟೇಪಿನ ಕೆಳಗೆ ಕಪ್ಪು ಪುಡಿಯಲ್ಲಿ ಅಂದವಾಗಿ ಕೂತಿದ್ದದ್ದು ನಿಜವಾಗಿಯೂ ಅವರದೇ ಹೆಬ್ಬೆರಳು.

“ಲೋಟ ನುಣ್ಣನೆ ಗಾಜು,” ಎಂದರು. “ಇಲ್ಲಿ ಅಚ್ಚಿನ ಹಿಂದೆ ಸಾಲು ಸಾಲು ಗೀರು ಬಿದ್ದಿದೆ. ಇದು ಚಹಾ ಕಪ್ಪು. ನನ್ನ ಕಪ್ಪಿಂದ ಎತ್ತಿ, ಲೋಟದ್ದು ಅಂತ ಬರೆದಿದ್ದೀರಿ. ತಮಾಷೆ ಮಾಡೋಕೆ ಇವತ್ತೇ ಬೇಕಿತ್ತಾ ನಿಮಗೆ?”

“ಅಂದ್ರೆ,” ಎಂದರು ಸಾಹೇಬರು ನಿಧಾನವಾಗಿ, “ಐದು ದಿನದಲ್ಲಿ ಇವರು ಕಲಿತದ್ದು ಸುಳ್ಳು ಸಾಕ್ಷಿ ಹುಟ್ಟಿಸೋದು.”

ಮುಗಿಯಿತು ಎನಿಸಿತು ತಜ್ಞೆಗೆ. ಬಾಯಿಗೆ ಬಂದ ತುತ್ತು. ಅದನ್ನೂ ಇವರೇ ತಟ್ಟಿಬಿಟ್ಟರು, ನಗುನಗುತ್ತಾ.

ಆಗ ದಫೇದಾರರು ಸಾಹೇಬರ ಮುಂದೆ ನೆಟ್ಟಗೆ ನಿಂತರು. “ತಪ್ಪು ನನ್ನದು ಸಾರ್. ಒಂದು ನಗು ಇರಲಿ ಅಂತ ನಿನ್ನೆ ನಾನೇ ಯೋಚನೆ ಮಾಡಿದ್ದು. ಮೇಡಂ ಒಂದೇ ನೋಟಕ್ಕೆ ಹಿಡೀತಾರೆ ಅಂತ ಗೊತ್ತಿತ್ತು, ಹಿಡಿದ್ರು. ನಿಜವಾದ ನಾಲ್ಕನೇ ನಂಬರು ಈ ಲಕೋಟೇಲಿದೆ. ತೋಟದವರ ಬೆರಳು. ಬಲಗೈ, ನಾಲ್ಕೂ.”

ಸಾಹೇಬರು ತಜ್ಞೆಯ ಕಡೆ ನೋಡಿದರು. ತಜ್ಞೆ ತಲೆಯಾಡಿಸಿದರು. ಉತ್ತರ ಸರಿ ಇತ್ತು. ಕೂದಲು ಮೂರೂ ಲಕೋಟೆಯಲ್ಲಿದ್ದವು, ಕಿಟಕಿ ಅರ್ಧ ತೆರೆದೇ ಇತ್ತು, ಮಂಚದ ಹೊದಿಕೆಯಲ್ಲಿ ಒಂದು ಸುಕ್ಕು ಸಹ ಹೆಚ್ಚಾಗಿರಲಿಲ್ಲ.

“ಆದ್ರೆ ಸಾರ್,” ಎಂದರು ದಫೇದಾರರು, “ನಾವು ತಮಾಷೆಗೆ ಒಂದು ತಂದಿದ್ವಿ. ಇಲ್ಲಿ ನಿಜವಾಗ್ಲೂ ಇನ್ನೊಂದು ಸಿಕ್ತು. ಅದು ನಮ್ಮದಲ್ಲ.”

ಸೂಜಿಕಣ್ಣು ಭಾವನನ್ನು ಮಗ್ಗುಲಿಗೆ ತಿರುಗಿಸಿದಳು. ಬೋಳುತಲೆಯ ಹಿಂಭಾಗದಲ್ಲಿ ಪುಡಿ ಬಳಿದಿತ್ತು. ಅಲ್ಲಿ ಇಡೀ ಒಂದು ಅಂಗೈ, ಅಗಲವಾಗಿ ಬಿಚ್ಚಿದ ನಾಲ್ಕು ಬೆರಳು. ಗೆರೆಗೆರೆಯೂ ಎಣಿಸುವಷ್ಟು ಸ್ಪಷ್ಟ. ತೋರುಬೆರಳಿನ ಬುಡದಲ್ಲಿ ಹಳೆಯ ಗಾಯದ ಅಡ್ಡಗೆರೆಯೊಂದಿತ್ತು. ಲೆನ್ಸ್ ಬೇಕಾಗಲಿಲ್ಲ. ತಜ್ಞೆಯ ಬಲಗೈ ತಾನಾಗಿ ಮುಚ್ಚಿಕೊಂಡಿತು.

“ಕೈಗವಸು ಇಲ್ಲದ ಕೈ,” ಎಂದಳು ಸೂಜಿಕಣ್ಣು. “ಪುಸ್ತಕದ ಜೊತೆ ಎರಡು ಸಲ ಹೋಲಿಸಿದೆ ಮೇಡಂ. ತಪ್ಪಾಗಿರಲಿ ಅಂತ ಮೂರನೇ ಸಲಾನೂ ನೋಡ್ದೆ.”

“ಎತ್ತಿ ಬಿಸಾಕಿದೋರ ಕೈ ಅಲ್ಲ ಇದು,” ಎಂದರು ದಫೇದಾರರು. ಈಗ ಅವರು ಯಾರ ದನಿಯನ್ನೂ ಅನುಕರಿಸುತ್ತಿರಲಿಲ್ಲ. “ತಲೆ ಕೆಳಗೆ ಕೈ ಕೊಟ್ಟು, ನೆಲಕ್ಕೆ ಬಡೀದ ಹಾಗೆ, ನಿಧಾನಕ್ಕೆ ಇಳಿಸಿದ್ದಾರೆ.”

ತಜ್ಞೆಗೆ ನೆನಪಾಯಿತು. ನಿನ್ನೆ ಸಂಜೆ ಎಲ್ಲ ಮುಗಿದು ಕೈಗವಸು ತೆಗೆದಿದ್ದರು. ಹೊರಡುವಾಗ ಮೂಲೆಯಲ್ಲಿ ಒರಗಿಸಿದ್ದ ಭಾವ ಕಣ್ಣಿಗೆ ಬಿದ್ದ, ಸತ್ತವನನ್ನೇ ಮರೆತಿದ್ದರು. ಅವನನ್ನು ಮಲಗಿಸಿದ್ದು ಹೇಗೆಂದು ಮಾತ್ರ ನೆನಪಿರಲಿಲ್ಲ. ಹನ್ನೊಂದು ವರ್ಷ ಹೇಗೆ ಮಲಗಿಸುತ್ತಿದ್ದರೋ ಹಾಗೆಯೇ ಇರಬೇಕು.

“ಬರೀ ಪ್ಲಾಸ್ಟಿಕ್ಕು,” ಎಂದರು, ಯಾರಿಗೆ ಹೇಳಿದರೋ.

“ಹೌದು ಮೇಡಂ,” ಎಂದರು ದಫೇದಾರರು.

ಸಾಹೇಬರು ಬಗ್ಗಿ ಆ ಅಂಗೈಯನ್ನು ಬಹಳ ಹೊತ್ತು ನೋಡಿದರು. ಕೈ ಎರಡೂ ಜೇಬಿನಲ್ಲೇ ಇದ್ದವು. ಎದ್ದು ನಿಂತು ಕೇಳಿದರು: “ತಂಡ ಪಾಸೋ, ಫೇಲೋ?”

“ಪಾಸು ಸಾರ್,” ಎಂದರು ತಜ್ಞೆ. “ಫೇಲಾದೋಳು ನಾನು.”

“ಫೇಲಾದೋರು ಕೋರ್ಸ್ ಮತ್ತೆ ಮಾಡ್ಬೇಕು ಅಂತ ನಿಯಮ ಇದೆಯಲ್ಲ. ನೀವೇ ಬರೆದದ್ದು.” ಸಾಹೇಬರು ಬಾಗಿಲಿಗೆ ಹೊರಟರು. “ಮುಂದಿನ ತಂಡದ ದಿನಾಂಕ ಮಧ್ಯಾಹ್ನದೊಳಗೆ ಕಳಿಸಿ. ಬ್ಯಾಂಡಿನವರಿಗೆ ನಾನೇ ಹೇಳ್ತೀನಿ.”

ಅವರ ಹೆಜ್ಜೆ ದೂರವಾಯಿತು. ಆಮೇಲೆ ದಫೇದಾರರು ಭಾವನ ಪಕ್ಕದಲ್ಲಿ ಮಂಡಿಯೂರಿ, ಅವನ ಕಿವಿಗೆ ಬಾಯಿಟ್ಟು, ತಜ್ಞೆಯ ಸಣ್ಣ ದನಿಯಲ್ಲಿ ಹೇಳಿದರು. “ಭಾವ, ನಿಮ್ಮನ್ನ ಯಾರು ಮುಟ್ಟಿದ್ದು ಅಂತ ನನ್ನ ಹತ್ರ ಹೇಳಿ. ಮೇಡಂಗೆ ಮಾತ್ರ ಹೇಳ-ಬೇಡಿ.”

ಮೊದಲು ನಕ್ಕವನು ಮೀಸೆಯ ಪೇದೆ. ನಕ್ಕು, ತಕ್ಷಣ ತಜ್ಞೆಯ ಮುಖ ನೋಡಿ ನುಂಗಿಕೊಂಡ. ಎಲ್ಲರೂ ಆ ಮುಖವನ್ನೇ ನೋಡುತ್ತಿದ್ದರು. ತಜ್ಞೆಯ ತುಟಿ ಒಮ್ಮೆ ಬಿಗಿದು, ಒಮ್ಮೆ ನಡುಗಿ, ಮೂಗಿನಲ್ಲಿ ಎಂಥದೋ ಸದ್ದಾಗಿ, ಎರಡು ವರ್ಷದಿಂದ ಎಲ್ಲಿ ಅಡಗಿತ್ತೋ ಆ ನಗು ಹೊರಬಿತ್ತು. ಬಾಗಿಲ ಮೂರು ಬೆನ್ನುಗಳೂ ತಿರುಗಿ ನೋಡಿದವು. ಹನ್ನೆರಡು ಜನರ ನಗುವೂ ಸೇರಿ ಅವರೊಬ್ಬರ ನಗುವಿಗೆ ಸಮವಾಗಲಿಲ್ಲ. ಹೊಟ್ಟೆ ಹಿಡಿದುಕೊಂಡರು, ಕಣ್ಣಲ್ಲಿ ನೀರು ಬಂತು, ಕಾಲು ಸೋತಿತು, ಆತುಕೊಳ್ಳಲು ಏನಾದರೂ ಬೇಕಾಯಿತು. ಎಡಕ್ಕೆ ಮೇಜು, ಬಲಕ್ಕೆ ಕಪಾಟು, ಹಿಂದೆ ಮಂಚ. ಒಂದೊಂದರ ಮೇಲೂ ಸಂಖ್ಯೆ ಬರೆದ ಹಳದಿ ಚೀಟಿ. ಕೋಣೆಯ ನಟ್ಟನಡುವೆ, ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿಕೊಂಡು, ಯಾವುದಕ್ಕೂ ತಾಗದಂತೆ ತೂಗಾಡುತ್ತ, ಅವರು ನಗುತ್ತಲೇ ಇದ್ದರು.